ಕುದಿಸಬಾರದ ಕಲ್ಲು

ಫೋನು ಬಂದಾಗ ಅವಳ ಕೈಯಲ್ಲಿ ಯಾರದೋ ಎಡಗಣ್ಣಿನ ಗಾಜಿತ್ತು. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತು ಅಂಚನ್ನು ಫ್ರೇಮಿನ ಅಳತೆಗೆ ತರುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವಳು ಫೋನು ಮುಟ್ಟುವವಳೇ ಅಲ್ಲ. ಆದರೆ ಪರದೆಯ ಮೇಲೆ ‘ಮಾವ’ ಎಂದು ಕಂಡಿತು. ಗಂಡನ ಅಪ್ಪ ಹಗಲಿನಲ್ಲಿ ಫೋನು ಮಾಡಿದರೆಂದರೆ ಒಂದೋ ಗ್ಯಾಸು ಮುಗಿದಿರಬೇಕು, ಇಲ್ಲವೇ ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿರಬೇಕು.

"ಇವತ್ತು ಬೇಗ ಬಾಮ್ಮ" ಎಂದರು ಮಾವ. ದನಿಯಲ್ಲಿ ಸಂಭ್ರಮ ತುಳುಕುತ್ತಿತ್ತು. "ನಿನಗೊಂದು ಚಂದದ ಕೆಲಸ ಮಾಡಿಡ್ತಾ ಇದ್ದೀನಿ. ಏನು ಅಂತ ಈಗ ಹೇಳಲ್ಲ."

"ಏನು ಮಾವ? ಕೆಲಸದಲ್ಲಿದ್ದೀನಿ."

"ಹೇಳಲ್ಲ ಅಂದ್ನಲ್ಲ. ಹೋಗ್ಲಿ, ಹೇಳೇಬಿಡ್ತೀನಿ, ಹೊಟ್ಟೇಲಿ ನಿಲ್ತಾ ಇಲ್ಲ. ಬಾಲ್ಕನೀಲಿ ಬಕೆಟ್ಟಲ್ಲಿ ಒಂದು ಕಲ್ಲು ಇಟ್ಟಿದ್ಯಲ್ಲ, ಅಂಗಿ ಗುಂಡಿ ಥರದ ಕಂದು ಹವಳ ಹತ್ತಿ ಹಾಳಾಗಿದೆ ಅಂತ? ಅದನ್ನ ದೊಡ್ಡ ಪಾತ್ರೇಲಿ ಕುದಿಯೋಕೆ ಇಟ್ಟಿದ್ದೀನಿ. ಒಂದು ಗುಂಡೀನೂ ಉಳಿಯಲ್ಲ ನೋಡು. ಆಮೇಲೆ ನಿನ್ನ ಗುಲಾಬಿ ಹವಳನ ಅದರ ಮೇಲೆ ಕೂರಿಸ್ಕೋ."

ಯಂತ್ರ ಕಿರ್ರೆಂದಿತು. ಯಾರದೋ ಎಡಗಣ್ಣು ಅಂಚಿನಲ್ಲಿ ಚಕ್ಕೆ ಎದ್ದುಹೋಯಿತು. ಅವಳಿಗೆ ಅದು ಕಾಣಲೂ ಇಲ್ಲ.

"ಕಿಟಕಿ?" ಎಂದಳು.

"ಎಲ್ಲಾ ಹಾಕಿದ್ದೀನಿ. ಗಾಳಿಗೆ ಬೆಂಕಿ ಓಲಾಡಬಾರದಲ್ಲ. ನೀನು ಹೇಳಿದ ಹಾಗೆ ಕೈಗವಸು ಹಾಕ್ಕೊಂಡೇ ಎತ್ತಿದ್ದು ಕಣಮ್ಮ, ಹೆದರಬೇಡ."

ಅವಳು ಆಡಬೇಕಾಗಿದ್ದುದು ಒಂದೇ ಮಾತು, ಮಗುವಿಗೂ ಗೊತ್ತಿರುವ ಮಾತು: ವಿಷ. ಅಷ್ಟು ಹೇಳಿದ್ದರೆ ಸಾಕಿತ್ತು, ಮಾವ ಒಲೆ ಆರಿಸಿ ಹೊರಗೆ ಓಡುತ್ತಿದ್ದರು. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ಅಭ್ಯಾಸವಾದ ನಾಲಿಗೆ ಆ ಗಳಿಗೆಯಲ್ಲೂ ತನ್ನ ಹಳೆಯ ದಾರಿಯನ್ನೇ ಹಿಡಿಯಿತು.

"ಬೇಡ ಮಾವ, ಆರಿಸಿಬಿಡಿ. ಕಲ್ಲು ಒಡೆದುಹೋಗುತ್ತೆ."

"ಒಡೆಯೋಕೆ ನಾನು ಬಿಡ್ತೀನಾ? ತಣ್ಣೀರಿಂದ ಮೆಲ್ಲಗೆ ಕಾಯಿಸ್ತಾ ಬಂದಿದ್ದೀನಿ. ಈಗ ತಾನೇ ಗುಳ್ಳೆ ಏಳ್ತಾ ಇದೆ. ಫೋನ್ ಇಡ್ತೀನಿ, ಕುದಿಯೋ ಪಾತ್ರೆ ಬಿಟ್ಟು ಬರಬಾರದು."

ಫೋನು ಕಟ್ಟಾಯಿತು. ಅವಳು ಮತ್ತೆ ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಅದು ಮನೆಯ ಹಾಲ್‌ನಲ್ಲಿ, ಅವಳು ಹವಳ ಸಾಕುವ ನೀರಿನ ತೊಟ್ಟಿಯ ಪಕ್ಕದ ಮೇಜಿನ ಮೇಲೆ ಒಂದೇ ಸಮನೆ ಹೊಡೆದುಕೊಳ್ಳುತ್ತಿರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಮಾವ ಅಡುಗೆಮನೆಯ ಬಾಗಿಲು ಹಾಕಿಕೊಂಡು ಪಾತ್ರೆಯ ಮುಂದೆ ನಿಂತಿರುತ್ತಾರೆ. ಮನೆಗೆ ಬೆಂಕಿ ಬಿದ್ದರೂ ಅಲ್ಲಿಂದ ಕದಲುವವರಲ್ಲ.

ಅವರ ಬದುಕೇ ಹಾಗೆ ಸವೆದದ್ದು. ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿನ ಕತ್ತರಿ, ಚಾಕು, ಚಿಮಟ, ತಟ್ಟೆಗಳನ್ನು ಕುದಿಸಿ ಶುದ್ಧ ಮಾಡುವ ಕೋಣೆ ಅವರದಾಗಿತ್ತು. ಅಲ್ಲಿ ಅವರನ್ನು ಎಲ್ಲರೂ ಹಬೆಯಪ್ಪ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಸಂಬಳದ ಚೀಟಿಗಷ್ಟೇ ಗೊತ್ತಿತ್ತು. ನಿವೃತ್ತಿಯಾದ ಮೇಲೂ ಚಟ ಬಿಡಲಿಲ್ಲ. ಮನೆಯಲ್ಲಿ ರೇಜರು ಕುದಿಯಿತು, ಚಮಚ ಕುದಿಯಿತು, ಒಮ್ಮೆ ಅವಳ ಬಾಚಣಿಗೆಯೂ ಕುದಿದು ಹಪ್ಪಳದಂತೆ ಸೊಟ್ಟಗಾಯಿತು. "ನನ್ನನ್ನೂ ಒಂದು ಸಲ ಕುದಿಸಿ ಒಣಗಿಸಿಬಿಡಿ ಮಾವ" ಎಂದು ಅವಳು ರೇಗಿಸಿದರೆ, "ಪಾತ್ರೆ ಹಿಡಿಸಲ್ಲ ಕಣಮ್ಮ" ಎನ್ನುತ್ತಿದ್ದರು. ಕುದಿಸಿದರೆ ಯಾವುದೂ ಅಪಾಯವಲ್ಲ ಎಂಬುದು ಅವರ ನಂಬಿಕೆ. ಲೋಕದಲ್ಲಿ ಕುದಿಸಿದರೇನೇ ಅಪಾಯವಾಗುವ ವಸ್ತುವೊಂದಿದೆ, ಅದು ತಮ್ಮ ಮನೆಯ ಬಾಲ್ಕನಿಯಲ್ಲೇ ಇದೆ ಎಂದು ಅವರಿಗೆ ಹೇಳಿದವರು ಯಾರು? ಹೇಳಬೇಕಾದವಳು ಹೇಳಿರಲಿಲ್ಲ.

"ಮನೇಲಿ ತೊಂದರೆ ಆಗಿದೆ" ಎಂದಷ್ಟೇ ಅಂಗಡಿಯ ಯಜಮಾನನಿಗೆ ಕೂಗಿ ಹೇಳಿ ಅವಳು ಬೀದಿಗೆ ಇಳಿದಳು. ಕೆಲಸದ ರಕ್ಷಣಾ ಕನ್ನಡಕ ಹಣೆಯ ಮೇಲೇ ಉಳಿದಿತ್ತು. ಮನೆ ದೂರವಿರಲಿಲ್ಲ. ಬಸ್ಸು ಕಾಯುವುದಕ್ಕಿಂತ ಓಡಿದರೇ ಬೇಗ. ಓಡಿದಳು. ಹಣ್ಣಿನ ಗಾಡಿಯವನು ಏನಾಯ್ತಮ್ಮ ಎಂದು ಕೇಳಿದ್ದು ಬೆನ್ನಿಗೆ ಬಿತ್ತು. ಸಿಗ್ನಲ್ಲಿನ ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗಿದಾಗ ಕಾರೊಂದು ಕಿರುಚಿ ನಿಂತಿತು, ಒಳಗಿದ್ದವನು ಬಾಯಿಗೆ ಬಂದಂತೆ ಬೈದ. ಓಡುತ್ತಲೇ ಫೋನು ಮಾಡುತ್ತಿದ್ದಳು. ಮಾವ ಎತ್ತಲಿಲ್ಲ. ಗಂಡ ಲಿಫ್ಟು ರಿಪೇರಿಯವನು. ಈ ಹೊತ್ತಿಗೆ ಯಾವುದೋ ಕಟ್ಟಡದ ಲಿಫ್ಟಿನ ಕೆಳಗಿನ ಹಳ್ಳಕ್ಕೆ ಇಳಿದಿರುತ್ತಾನೆ, ಅಲ್ಲಿ ಫೋನು ಹತ್ತುವುದಿಲ್ಲ. ಅಕ್ಕಪಕ್ಕದ ಮನೆಗಳವರೆಲ್ಲ ಕೆಲಸಕ್ಕೆ ಹೋಗುವವರು, ಹಗಲಿಡೀ ಬೀಗ.

ಅಂಗಿಯ ಗುಂಡಿಯಂತೆ ಕಾಣುವ ಆ ಕಂದು ಹವಳಗಳನ್ನು ಅವಳು ಕೊಂಡು ತಂದವಳಲ್ಲ. ಹವಳ ಬೆಳೆಸುವ ಹುಚ್ಚು ಹತ್ತಿದ ಮೊದಲಲ್ಲಿ, ಅದೇ ಹುಚ್ಚಿನ ಗಡಿಯಾರ ರಿಪೇರಿಯವನೊಬ್ಬ ಕೊಟ್ಟ ಕಲ್ಲಿನ ಸಂದಿಯಲ್ಲಿ ಅವು ತಾವಾಗಿಯೇ ಬಂದಿದ್ದವು. ತೊಟ್ಟಿ ಎಂದರೆ ಆಳವಾದ ತೊಟ್ಟಿಯೂ ಅಲ್ಲ. ದೊಡ್ಡ ಊಟದ ಮೇಜಿನಷ್ಟು ಅಗಲದ, ಮೊಣಕೈ ಕೂಡ ಮುಳುಗದ ಗಾಜಿನ ತಟ್ಟೆ. ಪಕ್ಕದಿಂದ ನೋಡುವುದಕ್ಕಿಂತ ಮೇಲಿನಿಂದ ಬಗ್ಗಿ ನೋಡಬೇಕು. ನೀಲಿ ದೀಪ ಹಚ್ಚಿದರೆ ಗುಲಾಬಿ, ಹಸಿರು, ಕಿತ್ತಳೆ, ನೇರಳೆ ಎಲ್ಲ ಒಳಗಿನಿಂದ ಹೊತ್ತಿಕೊಂಡಂತೆ ಹೊಳೆಯುತ್ತಿದ್ದವು. ಉಗುರಿನಷ್ಟು ತುಂಡುಗಳನ್ನು ತಂದು ಕಲ್ಲಿಗೆ ಅಂಟಿಸಿ, ಉಪ್ಪಿನ ಪ್ರಮಾಣ ನೋಡಿ, ಬಿಸಿ ನೋಡಿ, ಅಂಗೈಯಷ್ಟು ಬೆಳೆಸಿದವಳು ಅವಳು. ಆ ಮನೆಯ ಮಂಚ ಗಂಡನ ಮನೆಯವರದು, ಬೀರು ಅವರದು, ಗೋಡೆಯ ಮೇಲಿನ ಫೋಟೋಗಳು ಕೂಡ ಅವರದೇ. ನನ್ನದು ಎಂದು ಬಗ್ಗಿ ನೋಡಲು ಅವಳಿಗಿದ್ದದ್ದು ಆ ತೊಟ್ಟಿ ಒಂದೇ.

ಅದನ್ನು ಮನೆಗೆ ತಂದ ದಿನ ಗಾಜಿನ ಇನ್ನೊಂದು ತುದಿ ಹಿಡಿದುಕೊಂಡು ಬಂದ ಗಂಡ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ್ದ. "ಅಪ್ಪನ ಶ್ವಾಸಕೋಶ ಮೊದಲೇ ಅಷ್ಟಕ್ಕಷ್ಟೆ. ಇದರಿಂದ ಮನೇಲಿ ಯಾರಿಗೂ ತೊಂದರೆ ಇಲ್ಲ ತಾನೆ?"

"ಏನೂ ಇಲ್ಲ ರೀ" ಎಂದಿದ್ದಳು. ಆಗ ಅದು ನಿಜವೇ ಆಗಿತ್ತು, ಅಥವಾ ಅವಳಿಗೆ ಗೊತ್ತಿದ್ದಷ್ಟು ನಿಜ. ಆಮೇಲೆ ಕಂದು ಗುಂಡಿಗಳು ಕಲ್ಲನ್ನೆಲ್ಲ ಹಬ್ಬಿಕೊಂಡು ಅಕ್ಕಪಕ್ಕದ ಬಣ್ಣದ ಹವಳಗಳನ್ನು ಮುಚ್ಚತೊಡಗಿದವು. ಇವೇನು ಎಂದು ಅವಳು ಹುಡುಕಿ ಓದಿದಳು. ನೀರಿನಲ್ಲಿರುವಷ್ಟು ದಿನ ತಮ್ಮ ಪಾಡಿಗೆ ತಾವಿರುತ್ತವೆ. ಗಾಯದ ಕೈಯಲ್ಲಿ ಮುಟ್ಟಿದರೆ ಕೆಟ್ಟದು. ಬಿಸಿ ನೀರು ಸುರಿದರೆ, ಕುದಿಸಿದರೆ ಅವುಗಳ ವಿಷ ಹಬೆಯೊಂದಿಗೆ ಎದ್ದು ಉಸಿರಿಗೆ ಸೇರುತ್ತದೆ. ಯಾರದೋ ಮನೆಯಲ್ಲಿ ಹಾಗೆ ಕುದಿಸಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಸುದ್ದಿಯನ್ನೂ ಓದಿದಳು. ಹೇಳಿದರೆ ತೊಟ್ಟಿ ಆ ದಿನವೇ ಮನೆಯಿಂದಾಚೆ ಹೋಗುತ್ತದೆ ಎಂದು ಗೊತ್ತಿತ್ತು. ತಾನೇ ಉಪಾಯವಾಗಿ ತೆಗೆದು ಎಸೆದರಾಯಿತು, ಗದ್ದಲ ಯಾಕೆ ಎಂದುಕೊಂಡಳು. ಕೈಗವಸು ಹಾಕಿಕೊಂಡು ಆ ಕಲ್ಲನ್ನು ತೊಟ್ಟಿಯಿಂದ ತೆಗೆದು, ಎಸೆಯುವವರೆಗೆಂದು ಬಾಲ್ಕನಿಯ ಬಕೆಟ್ಟಿಗೆ ಹಾಕಿಟ್ಟಳು. ಕೈಗವಸು ಯಾಕೆಂದು ಮಾವ ಕೇಳಿದಾಗ, "ಉಪ್ಪು ನೀರು ಕೈಗೆ ಆಗಲ್ಲ ಮಾವ, ನೀವೂ ಬರಿಗೈಲಿ ಮುಟ್ಟಬೇಡಿ" ಎಂದು ಹಾರಿಕೆಯ ಮಾತಾಡಿದಳು. ಮಾವ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಸುಳ್ಳನ್ನು ಕೂಡ ಅಷ್ಟು ನಿಷ್ಠೆಯಿಂದ ಪಾಲಿಸುವವರು ಸಿಗುವುದು ಅಪರೂಪ.

ಲಿಫ್ಟು ಮೇಲಿನ ಮಹಡಿಯಲ್ಲೆಲ್ಲೋ ನಿಂತಿತ್ತು. ಕಾಯದೆ ಮೆಟ್ಟಿಲು ಹತ್ತಿದಳು. ಬೀಗದ ಕೈ ಎರಡು ಸಲ ತೂತು ತಪ್ಪಿ ಮೂರನೆಯದಕ್ಕೆ ಬಾಗಿಲು ತೆರೆಯಿತು.

ಹಾಲಿನಲ್ಲಿ ತೊಟ್ಟಿಯ ನೀರು ಎಂದಿನಂತೆ ಅಲೆಯಾಡುತ್ತಿತ್ತು. ಅಡುಗೆಮನೆಯ ಬಾಗಿಲಿನ ಗಾಜು ಬೆಳ್ಳಗೆ ಮಂಜು ಕಟ್ಟಿತ್ತು, ಅದರ ಹಿಂದೆ ಮಾವನ ಆಕಾರ. ಸಮುದ್ರ ಕೊಳೆತ ವಾಸನೆ ಬಾಗಿಲ ಸಂದಿಯಿಂದ ಹಾಲಿಗೆ ನುಸುಳುತ್ತಿತ್ತು. ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಎಳೆದುಕೊಂಡಳು. ಕೈತೊಳೆಯುವ ನಲ್ಲಿಯಲ್ಲಿ ಟವೆಲ್ಲು ನೆನೆಸಿ ಮೂಗು ಬಾಯಿಗೆ ಬಿಗಿದಳು, ಉಸಿರು ಕಟ್ಟಿದಳು, ಬಾಗಿಲು ತಳ್ಳಿದಳು.

ಹಬೆ ಮುಖಕ್ಕೆ ಬಡಿಯಿತು. ಮೊದಲು ಒಲೆ ಆರಿಸಿದಳು. ಪಾತ್ರೆಯಲ್ಲಿ ಕಂದು ನೊರೆ ಇನ್ನೂ ಕೊತಕೊತ ಎನ್ನುತ್ತಿತ್ತು. ಮಾವ ಆಸ್ಪತ್ರೆಯ ಹಳೆಯ ರಬ್ಬರು ಕೈಗವಸು ತೊಟ್ಟು, ಕೈಯಲ್ಲಿ ಇಕ್ಕಳ ಹಿಡಿದು, ಒಳ್ಳೆ ಮದುಮಗನಂತೆ ನೆಟ್ಟಗೆ ನಿಂತಿದ್ದರು.

"ಬಂದ್ಯಾ? ಇನ್ನೂ ಸ್ವಲ್ಪ..." ಎಂದು ಶುರುಮಾಡಿದವರಿಗೆ ಕೆಮ್ಮು ಬಂತು.

ಅವಳು ಮಾತಾಡಲಿಲ್ಲ, ಆಡಿದರೆ ಉಸಿರು ತೆಗೆಯಬೇಕಾಗುತ್ತದೆ. ತೋಳು ಹಿಡಿದು ದರದರ ಎಳೆದಳು. ಈ ಮನೆಗೆ ಬಂದಾಗಿನಿಂದ ಅವಳು ಮಾವನ ಮೈ ಮುಟ್ಟಿ ಎಳೆದವಳಲ್ಲ. ಅವರು ಬೆಪ್ಪಾಗಿ ಹಿಂದೆ ಬಂದರು, ಇಕ್ಕಳ ಕೈಯಲ್ಲೇ ಇತ್ತು. ಅಡುಗೆಮನೆಯ ಬಾಗಿಲು ಎಳೆದು, ಹಾಲಿನ ಕಿಟಕಿಗಳನ್ನೆಲ್ಲ ತೆರೆದು, ಅವರನ್ನು ಹೊರಗೆ ಮೆಟ್ಟಿಲ ಬಳಿ ತಂದು ಕೂರಿಸಿದ ಮೇಲೆಯೇ ಅವಳು ಉಸಿರು ಬಿಟ್ಟದ್ದು.

"ಏನಾಯ್ತಮ್ಮ? ಕಲ್ಲು ಒಡೀಲಿಲ್ಲ, ನಾನು ನೋಡ್ತಾನೇ ಇದ್ದೆ" ಎಂದರು ಮಾವ. ಮತ್ತೆ ಕೆಮ್ಮು. ಕೆಮ್ಮಿನ ನಡುವೆ ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಂಡರು. "ಬಾಯೆಲ್ಲ ಯಾಕೋ ಕಬ್ಬಿಣ ನೆಕ್ಕಿದ ಹಾಗಿದೆ. ಚಳಿ ಆಗ್ತಾ ಇದೆ ಕಣಮ್ಮ."

ಕಬ್ಬಿಣದ ರುಚಿ. ಅವಳು ಓದಿದ್ದ ಲಕ್ಷಣಗಳಲ್ಲಿ ಮೊದಲನೆಯದೇ ಅದು. ಅವಳು ಟ್ಯಾಕ್ಸಿಗೆ ಫೋನು ಮಾಡಿದಳು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಮಾವ ಗಡಗಡ ನಡುಗತೊಡಗಿದರು. ಅವಳು ಗಂಡನಿಗೆ ‘ಮಾವನಿಗೆ ಹುಷಾರಿಲ್ಲ, ಅವರ ಆಸ್ಪತ್ರೆಗೇ ಕರ್ಕೊಂಡು ಹೋಗ್ತಿದ್ದೀನಿ, ಬನ್ನಿ’ ಎಂದು ಸಂದೇಶ ಹಾಕಿದಳು. ಆಮೇಲೆ ಮಾವನ ಕಡೆ ತಿರುಗಿದಳು. ಅಂಗಡಿಯಲ್ಲಿ ಗಂಟಲಿಗೆ ಸಿಕ್ಕಿಕೊಂಡ ಮಾತು ಈಗ, ಪ್ರಯೋಜನಕ್ಕೆ ಬಾರದ ಹೊತ್ತಿನಲ್ಲಿ, ಸಲೀಸಾಗಿ ಬಂತು.

"ಮಾವ, ಆ ಗುಂಡಿಗಳು ವಿಷ. ಕುದಿಸಿದ್ರೆ ವಿಷ ಹಬೇಲಿ ಬರುತ್ತೆ. ನನಗೆ ಗೊತ್ತಿತ್ತು. ಉಪ್ಪು ನೀರು ಕೈಗೆ ಆಗಲ್ಲ ಅಂದಿದ್ದು ಸುಳ್ಳು."

ಮಾವ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ನನ್ನ ಮಗನಿಗೆ ಗೊತ್ತಾ?" ಎಂದು ಕೇಳಿದರು ಕೊನೆಗೆ.

"ಇಲ್ಲ."

"ಹಾಗಾದ್ರೆ ಸುಮ್ನಿರು" ಎಂದು ಕಣ್ಣು ಮುಚ್ಚಿಕೊಂಡರು. "ನಾನು ನೋಡ್ಕೋತೀನಿ."

ಆಸ್ಪತ್ರೆಯ ಬಾಗಿಲಲ್ಲೇ ಒಬ್ಬ ಹಳೆಯ ನರ್ಸು ಗುರುತು ಹಿಡಿದು, "ಏನು ಹಬೆಯಪ್ಪನೋರೇ, ರೋಗಿ ಆಗಿ ಬಂದ್ರಾ?" ಎಂದಳು. ಮಾವ ನಗಲು ಹೋಗಿ ಕೆಮ್ಮಿದರು. ಹಾಸಿಗೆಗೆ ಹಾಕಿದರು, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು. ಡಾಕ್ಟರು ಬರುವ ಹೊತ್ತಿಗೆ ಗಂಡನೂ ಬಂದ. ಅಂಗಿಯ ತೋಳಿಗೆ ಗ್ರೀಸು, ಕೂದಲಲ್ಲಿ ಧೂಳು. ಅಪ್ಪನ ಕಾಲು ಹಿಡಿದುಕೊಂಡು ನಿಂತ. ಏನಾಯ್ತು ಎಂದು ಹೆಂಡತಿಯ ಕಡೆ ಕಣ್ಣಲ್ಲೇ ಕೇಳಿದ.

ಡಾಕ್ಟರಮ್ಮ ಇನ್ನೂ ಎಳೆಯ ವಯಸ್ಸಿನವಳು, ಮುಖದಲ್ಲಿ ನಿದ್ದೆಗೆಟ್ಟ ಸುಸ್ತಿತ್ತು. ಎದೆಗೆ ಕೊಳವೆ ಇಟ್ಟು ಕೇಳಿದಳು. "ಯಾವಾಗಿಂದ ಅಜ್ಜ, ಈ ಕೆಮ್ಮು ಚಳಿ?"

"ನಿನ್ನೆಯಿಂದ್ಲೇ ಮೈ ಬೆಚ್ಚಗಿತ್ತು ಡಾಕ್ಟ್ರೇ" ಎಂದರು ಮಾವ. ಹಸಿ ಸುಳ್ಳು. "ಇವತ್ತು ರೇಜರ್ ಕುದಿಸ್ತಾ ನಿಂತಿದ್ದೆ. ಹಬೆ ಸ್ವಲ್ಪ ಮೂಗಿಗೆ ಹೋಯ್ತು, ಕೆಮ್ಮು ಜಾಸ್ತಿ ಆಯ್ತು. ಇದಕ್ಕೆ ಹೆದರಿಕೊಂಡು ಸೊಸೆ ಎಳ್ಕೊಂಡು ಬಂದುಬಿಟ್ಟಳು."

ಗಂಡ ನಿಟ್ಟುಸಿರು ಬಿಟ್ಟ. "ನಿನ್ನ ಕುದಿಸೋ ಹುಚ್ಚಿಗೆ ಏನು ಹೇಳಬೇಕೋ ಅಪ್ಪ."

"ಊರಲ್ಲೆಲ್ಲ ಈಗ ಇದೇ ಜ್ವರ" ಎಂದಳು ಡಾಕ್ಟರಮ್ಮ. "ಮಾತ್ರೆ ಬರ್ಕೊಡ್ತೀನಿ. ಉಸಿರಾಟ ಈಗ ಅಷ್ಟೇನೂ ಕೆಟ್ಟಿಲ್ಲ. ಮನೇಲಿ ಮಲಗಿಸಿ, ಜಾಸ್ತಿ ಆದ್ರೆ ಕರ್ಕೊಂಡು ಬನ್ನಿ."

ಮಾವ ಡಾಕ್ಟರಮ್ಮನ ಬೆನ್ನಹಿಂದಿನಿಂದ ಸೊಸೆಯನ್ನು ನೋಡಿ ಕಣ್ಣು ಮಿಟುಕಿಸಿದರು. ತುಟಿಗಳು ನಸುನೀಲಿಯಾಗುತ್ತಿದ್ದವು. ಅದನ್ನು ಕಂಡವಳು ಅವಳೊಬ್ಬಳೇ, ಬಣ್ಣ ನೋಡಿ ನೋಡಿ ಪಳಗಿದ ಕಣ್ಣು ಅವಳದು. ಹವಳ ಬಿಳಿಚಿಕೊಳ್ಳುವ ಮುನ್ನ ಅಂಚಿನಲ್ಲಿ ಬರುವ ಒಂದು ಎಳೆ ವ್ಯತ್ಯಾಸವನ್ನೂ ಹಿಡಿಯುವವಳು, ಮಾವನ ತುಟಿಯನ್ನು ಹಿಡಿಯದಿರುತ್ತಾಳೆಯೇ?

ಮಾತ್ರೆಯ ಚೀಟಿ ಗಂಡನ ಕೈಗೆ ಬಂತು. ಅವನು ಅಪ್ಪನ ಚಪ್ಪಲಿ ಹುಡುಕಲು ಬಗ್ಗಿದ. ಅಷ್ಟೇ, ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸಂಸಾರ ಇದ್ದ ಹಾಗೇ ಇರುತ್ತದೆ, ತೊಟ್ಟಿ ಇದ್ದ ಹಾಗೇ ಇರುತ್ತದೆ, ಮಾವ ಮಾತ್ರ ಇರುತ್ತಾರೋ ಇಲ್ಲವೋ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಈ ಲೆಕ್ಕ ಹಾಕಲು ತನಗೆ ಅಷ್ಟು ಹೊತ್ತಾದರೂ ಯಾಕೆ ಬೇಕಾಯಿತು ಎಂದು.

"ರೇಜರ್ ಅಲ್ಲ ಡಾಕ್ಟ್ರೇ" ಎಂದಳು.

"ಸುಮ್ನಿರಮ್ಮ" ಎಂದರು ಮಾವ.

"ರೇಜರ್ ಅಲ್ಲ. ನಮ್ಮನೇಲಿ ನಾನು ಹವಳ ಸಾಕ್ತೀನಿ. ಅದರಲ್ಲೊಂದು ಜಾತಿ ವಿಷದ್ದು. ಅದು ಹತ್ತಿದ್ದ ಕಲ್ಲನ್ನ ಮಾವ ಕುದಿಸಿದ್ದಾರೆ, ಕಿಟಕಿ ಬಾಗಿಲು ಹಾಕ್ಕೊಂಡು. ಆ ಹಬೇನೇ ಕುಡಿದಿದ್ದಾರೆ. ಜ್ವರ ನಿನ್ನೆ ಇರಲಿಲ್ಲ. ಇವರನ್ನ ಮನೆಗೆ ಕಳಿಸಬೇಡಿ. ಇದು ಮೊದಲು ಸುಮಾರಾಗಿದ್ದು ಆಮೇಲೆ ಒಮ್ಮೆಗೇ ಕೆಡುತ್ತೆ."

ಡಾಕ್ಟರಮ್ಮನ ಸುಸ್ತು ಹಾರಿಹೋಯಿತು. "ಹವಳದ ವಿಷನಾ? ಹೆಸರು ಗೊತ್ತಾ ನಿಮಗೆ?"

ಅವಳು ಹೇಳಿದಳು. ಡಾಕ್ಟರಮ್ಮ ಅದನ್ನು ಬರೆದುಕೊಂಡಳು. "ವಿಷ ಅಂತ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮನೇಲಿ ಬೇರೆಯವರಿಗೆ?"

"ಯಾರಿಗೂ ಹೇಳಿರಲಿಲ್ಲ."

ಚಪ್ಪಲಿ ಹುಡುಕುತ್ತಿದ್ದ ಗಂಡ ಬಗ್ಗಿದಲ್ಲೇ ಇದ್ದ. ಅವನು ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಎಲ್ಲವೂ ಓಡಿತು. ಮಾವನ ಬಟ್ಟೆ ತೆಗೆಸಿ ಮೈ ಒರೆಸಿದರು, ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದರು, ಎದೆಗೆ ತಂತಿಗಳನ್ನು ಅಂಟಿಸಿದರು. ಡಾಕ್ಟರಮ್ಮ ಯಾರು ಯಾರಿಗೋ ಫೋನು ಮಾಡಿ ಬಂದಳು. "ಇದಕ್ಕೆ ಇಂಥದ್ದೇ ಅಂತ ಔಷಧಿ ಇಲ್ಲ. ಉಸಿರಿಗೆ ಆಸರೆ ಕೊಡ್ತೀವಿ, ಹೃದಯದ ಮೇಲೆ ಕಣ್ಣಿಟ್ಟಿರ್ತೀವಿ. ದೇಹ ತಾನೇ ಗೆಲ್ಲಬೇಕು. ಮನೆಗೆ ಹೋಗಿದ್ದಿದ್ರೆ ಕಷ್ಟ ಇತ್ತು" ಎಂದಳು. ಅಷ್ಟರಲ್ಲಿ ಸೊಸೆಗೂ ಕೆಮ್ಮು ಶುರುವಾಗಿತ್ತು. ಅವಳ ಎದೆಯನ್ನೂ ಪರೀಕ್ಷಿಸಿ ಮೂಗಿಗೆ ಔಷಧಿಯ ಹೊಗೆ ಕೊಟ್ಟರು. ಗಂಡ ಬಾಗಿಲಲ್ಲಿ ನಿಂತು ನೋಡಿದ, ಒಳಗೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಮಾವನ ಉಸಿರು ನಿಜವಾಗಿಯೂ ಕೆಟ್ಟಿತು. ಅವಳು ಹೇಳಿದಂತೆಯೇ, ಒಮ್ಮೆಗೇ. ಗಂಟಲಿಗೆ ಕೊಳವೆ ಇಳಿಸಿ ಯಂತ್ರದ ಉಸಿರಿಗೆ ಹಾಕಿದರು. ಗಾಜಿನ ಬಾಗಿಲಾಚೆ ಯಂತ್ರ ಪುಸ್ಸೆನ್ನುವುದು, ಮಾವನ ಎದೆ ಏರುವುದು, ಇಳಿಯುವುದು ಕಾಣುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಗಂಡ ಹೆಂಡತಿ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು ಕೂತರು.

"ತೊಟ್ಟಿ ತಂದ ದಿನ ನಾನೇನು ಕೇಳಿದ್ದೆ?" ಎಂದ ಗಂಡ. ದನಿ ಎತ್ತಲಿಲ್ಲ.

"ಯಾರಿಗೂ ತೊಂದರೆ ಇಲ್ಲ ತಾನೆ ಅಂತ."

"ನೀನೇನಂದೆ?"

"ಇಲ್ಲ ಅಂದೆ. ಆವತ್ತು ನನಗೂ ಗೊತ್ತಿರಲಿಲ್ಲ ರೀ."

"ಗೊತ್ತಾದ ಮೇಲೆ?"

ಅವನು ಗ್ರೀಸಿನ ಕೈಗಳನ್ನು ನೋಡಿಕೊಂಡ. "ಲಿಫ್ಟಿನ ಹಗ್ಗ ಸವೆದಿದ್ರೆ ನಾನು ಬಾಗಿಲಿಗೆ ಬೋರ್ಡ್ ಹಾಕ್ತೀನಿ. ಜನ ಮೆಟ್ಟಿಲು ಹತ್ತಬೇಕಲ್ಲ ಅಂತ ಬೈತಾರೆ. ಬೈತಾರೆ ಅಂತ ಬೋರ್ಡ್ ಹಾಕದೆ ಬಿಡ್ತೀನಾ?" ಅಲ್ಲಿಗೆ ಅವನ ದನಿ ಒಡೆಯಿತು. "ನೀನು ಹೇಳಿದ್ರೆ ನಾನು ತೊಟ್ಟಿ ಎಸೀತಿದ್ದೆ, ನಿಜ. ಎಸೀತಿದ್ದೆ. ಅಷ್ಟೇ ತಾನೆ ಆಗ್ತಿದ್ದದ್ದು?"

ಅಷ್ಟೇ ಆಗುತ್ತಿದ್ದದ್ದು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಎದ್ದೂ ಹೋಗಲಿಲ್ಲ.

ಮಾವ ಯಂತ್ರದ ಉಸಿರಲ್ಲಿ ಇದ್ದಷ್ಟು ದಿನ ಗಂಡ ಅವಳೊಡನೆ ಬೇಕಾದಷ್ಟೇ ಮಾತಾಡಿದ. ಬೀಗದ ಕೈ ಎಲ್ಲಿ, ಡಾಕ್ಟರು ಬಂದಿದ್ದರಾ, ಊಟ ಆಯ್ತಾ. ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಇಬ್ಬರೂ ಮುಸುಕು, ಕೈಗವಸು ಹಾಕಿಕೊಂಡು ಅಡುಗೆಮನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕಲ್ಲು, ಪಾತ್ರೆ, ಇಕ್ಕಳ, ಬಟ್ಟೆ ಎಲ್ಲವನ್ನೂ ಚೀಲದ ಮೇಲೆ ಚೀಲ ಕಟ್ಟಿ ಸಾಗಿಸಿದರು. ಅವನು ಒರೆಸುತ್ತಿದ್ದ ಕಡೆ ಅವಳು ಬಂದರೆ ಅವನು ಬೇರೆ ಕಡೆ ಸರಿಯುತ್ತಿದ್ದ. ಆ ಪಾತ್ರೆ ಸತ್ತುಹೋದ ಅತ್ತೆಯ ಕಾಲದ್ದು ಎಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವಳು ಗಡಿಯಾರ ರಿಪೇರಿಯವನನ್ನು ಕರೆಸಿದಳು. ಆಗಿದ್ದನ್ನು ಒಂದೂ ಬಿಡದೆ ಹೇಳಿ, ಉಳಿದ ಕಲ್ಲುಗಳನ್ನು ಒಂದೊಂದಾಗಿ ಅವನಿಗೆ ತೋರಿಸಿ, ಕಂದು ಗುಂಡಿ ಒಂದಾದರೂ ಇದೆಯೇ ಎಂದು ಇಬ್ಬರೂ ಸೇರಿ ಹುಡುಕಿದರು. ಅವನು ಹವಳಗಳನ್ನು ನೀರಿನ ಡಬ್ಬಿಗಳಲ್ಲಿ ಹಾಕಿಕೊಂಡು ಹೋದ. ಗುಲಾಬಿಯದನ್ನು ಕೊಡುವಾಗ ಅವಳ ಕೈ ಡಬ್ಬಿಯನ್ನು ಒಂದು ಗಳಿಗೆ ಹೆಚ್ಚಿಗೆ ಹಿಡಿದುಕೊಂಡಿತು. ಅದು ಅವಳಿಗೆ ಮಗುವಿನಂತಿತ್ತು ಎಂದರೆ ಅತಿಯಾಯಿತು, ಆದರೆ ಅದನ್ನು ಕಳಿಸಿ ಬಾಗಿಲು ಹಾಕಿದ ಮೇಲೆ ಅವಳು ಅತ್ತದ್ದು ನಿಜ. ನೀರು ಖಾಲಿ ಮಾಡಿದ ತೊಟ್ಟಿ ಹಾಲಿನಲ್ಲೇ ಉಳಿಯಿತು. ಅದನ್ನು ಎತ್ತಲು ಇಬ್ಬರು ಬೇಕು. ಗಂಡನನ್ನು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಮಾವ ಗೆದ್ದರು. ಮೊದಲು ಕೊಳವೆ ಹೋಯಿತು, ಆಮೇಲೆ ಮುಸುಕು ಹೋಯಿತು. ಆದರೆ ಎದೆ ಮೊದಲಿನಂತಾಗುವುದಿಲ್ಲ, ಮೆಟ್ಟಿಲು ಹತ್ತಿಸಬೇಡಿ ಎಂದರು. ಮನೆಗೆ ಬಂದ ಸಂಜೆ ಮಗ ಅವರನ್ನು ಲಿಫ್ಟಿನಿಂದ ನಡೆಸಿಕೊಂಡು ಬಂದು ಒಣಗಿದ ತೊಟ್ಟಿಯ ಎದುರಿನ ಕುರ್ಚಿಯಲ್ಲಿ ಕೂರಿಸಿದ. ಮಾವ ಖಾಲಿ ಗಾಜನ್ನು ನೋಡಿದರು, ಅಂಟಿನ ಕಲೆಗಳನ್ನು ನೋಡಿದರು.

ಅವಳು ಮೂರು ಕಪ್ ಟೀ ಮಾಡಿ ತಟ್ಟೆಯಲ್ಲಿಟ್ಟು ತಂದಳು. ಮೊದಲು ಗಂಡನಿಗೆ ಕೊಟ್ಟಳು. ಅವನು ತೆಗೆದುಕೊಂಡ, ಕುಡಿಯಲಿಲ್ಲ. ಕಪ್ಪಿನೊಳಗೆ ನೋಡುತ್ತಾ ಕೂತ. ಹಬೆ ಏಳುತ್ತಿತ್ತು. ಅವನು ಬೇಕೆಂದು ಹಾಗೆ ಮಾಡಿದನೆಂದು ಅವಳಿಗೆ ಅನಿಸಲಿಲ್ಲ. ಕೈ ತಾನಾಗಿಯೇ ನಿಂತಿತ್ತು. ಅದೇ ಅವಳಿಗೆ ಹೆಚ್ಚು ನೋವಾದದ್ದು.

"ಕೊಡೋ ಇಲ್ಲಿ" ಎಂದರು ಮಾವ. ಮಗನ ಕೈಯಿಂದ ಆ ಕಪ್ಪನ್ನೇ ಕಿತ್ತುಕೊಂಡರು. ಉಸಿರಿಗೆ ನಡುನಡುವೆ ನಿಲ್ಲಿಸುತ್ತಾ ಅರ್ಧದಷ್ಟು ಕುಡಿದರು. ಆಮೇಲೆ ನಾಲಿಗೆಯನ್ನು ಹಲ್ಲಿಗೆ ಉಜ್ಜಿ ನೋಡಿಕೊಂಡರು.

"ಕಬ್ಬಿಣದ ರುಚಿ ಹೋಯ್ತು ಕಣಮ್ಮ. ಸಕ್ಕರೆ ಮಾತ್ರ ಕಮ್ಮಿ."

ಗಂಡ ಎದ್ದು ಅಡುಗೆಮನೆಗೆ ಹೋದ. ಡಬ್ಬಿಗಳು ಸದ್ದು ಮಾಡಿದವು. ಒಂದು ಡಬ್ಬಿ, ಒಂದು ಚಮಚ ಹಿಡಿದು ಬಂದು ಅಪ್ಪನ ಎದುರು ನಿಂತ. ಮುಚ್ಚಳ ತೆಗೆದ, ಚಮಚ ಅದ್ದಿದ, ಅಲ್ಲಿಗೆ ಕೈ ನಿಂತಿತು.

"ಇದು ಸಕ್ಕರೆ ತಾನೆ?" ಎಂದು ಕೇಳಿದ, ಅವಳ ಮುಖ ನೋಡದೆ.

ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಅವಳ ಬರಿಯ ‘ಹೌದು’ಗಳಿಗೆ ಆ ಮನೆಯಲ್ಲಿ ಈಗ ತೂಕವಿರಲಿಲ್ಲ, ಅದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ತಟ್ಟೆಯನ್ನು ಕೆಳಗಿಟ್ಟು ಹತ್ತಿರ ಬಂದಳು. ಡಬ್ಬಿಗೆ ಬೆರಳು ಅದ್ದಿ, ತನ್ನ ನಾಲಿಗೆಯ ಮೇಲಿಟ್ಟುಕೊಂಡಳು, ಅದು ಕರಗುವವರೆಗೆ ಅವನ ಮುಂದೆಯೇ ನಿಂತಳು.

"ಸಕ್ಕರೆ ರೀ" ಎಂದಳು.

ಅವನು ಅಪ್ಪನ ಕಪ್ಪಿಗೆ ಒಂದು ಚಮಚ ಹಾಕಿ ಕಲಕಿದ. ಆಮೇಲೆ ತಟ್ಟೆಯಲ್ಲಿ ಉಳಿದಿದ್ದ ಎರಡು ಕಪ್ಪುಗಳಲ್ಲಿ ಒಂದನ್ನು ತೆಗೆದುಕೊಂಡ, ಒಳಗೆ ನೋಡದೆ.